ಉಪ್ಪು ಬೀಳುವವರೆಗೆ

ಕೆದಿಲಾಯರ ಹೋಟೆಲಿನಲ್ಲಿ ಕೊರಗಪ್ಪನ ಅಧಿಕಾರ ಇದ್ದದ್ದು ಉಪ್ಪು ಬೀಳುವವರೆಗೆ. ಅಕ್ಕಿ ತೊಳೆಯುವುದು, ಉದ್ದು ನೆನೆಹಾಕುವುದು, ಎರಡನ್ನೂ ಬೇರೆ ಬೇರೆ ರುಬ್ಬಿ ಎರಡು ಪಾತ್ರೆಗಳಿಗೆ ತುಂಬಿ ಅಡಿಗೆಮನೆಯ ಹೊಸ್ತಿಲವರೆಗೆ ಹೊತ್ತು ತರುವುದು, ಇಷ್ಟೂ ಅವನದೇ. ಹೊಸ್ತಿಲಿನ ಆ ಕಡೆಯಿಂದ ಅಡಿಗೆ ಭಟ್ಟರು ಪಾತ್ರೆಗಳನ್ನು ಎಳೆದುಕೊಂಡು, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಎರಡೂ ಹಿಟ್ಟನ್ನು ದೊಡ್ಡ ಕೊಪ್ಪರಿಗೆಗೆ ಸುರಿದು, ಉಪ್ಪು ಹಾಕಿ, ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದರು. ಉಪ್ಪು ಬಿದ್ದ ಮೇಲೆ ಅದು ಹಿಟ್ಟಲ್ಲ, ಅನ್ನ. ಅನ್ನವನ್ನು ಬಿಲ್ಲವರವನು ಮುಟ್ಟುವ ಹಾಗಿಲ್ಲ. ಈ ನಿಯಮ ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದ್ದರೆ ಕೆದಿಲಾಯರಿಗೂ ಗೊತ್ತಿರಲಿಲ್ಲ. ಊರಿನಲ್ಲಾಗಿದ್ದರೆ ನೀರು ತಾಗಿದ ಅಕ್ಕಿಯನ್ನೇ ಅವನು ಮುಟ್ಟುವಂತಿರಲಿಲ್ಲ. ಆದರೆ ಮುಂಬಯಿಯ ಫೋರ್ಟಿನಲ್ಲಿ ದಿನಾ ಅಷ್ಟು ಹಿಟ್ಟು ರುಬ್ಬುವ ತೋಳು ಬ್ರಾಹ್ಮಣರಲ್ಲಿ ಸಿಗಲಿಲ್ಲವಾದ್ದರಿಂದ, ಶಾಸ್ತ್ರವು ತಾನಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದು ಉಪ್ಪಿನ ಮರಿಗೆಯ ಪಕ್ಕದಲ್ಲಿ ನಿಂತುಕೊಂಡಿತ್ತು.

ಹೋಟೆಲು ಇದ್ದದ್ದು ಬ್ಯಾಂಕುಗಳ ಹಿಂದಿನ ಒಂದು ಗಲ್ಲಿಯಲ್ಲಿ. ಬೆಳಿಗ್ಗೆ ಲೋಕಲ್ ಇಳಿದು ಬರುವ ಗುಮಾಸ್ತರು ಆಫೀಸಿಗೆ ಹೋಗುವ ಮೊದಲು ಇಲ್ಲಿ ಇಡ್ಲಿ ತಿಂದು ಕಾಫಿ ಕುಡಿದು ಓಡುತ್ತಿದ್ದರು. ಹಿಟ್ಟು ಯಾರು ಕಲಸಿದರು ಎಂಬ ಚಿಂತೆ ಅವರಿಗಿರಲಿಲ್ಲ. ಒಂಬತ್ತೂವರೆಯ ಹಾಜರಿಯ ಚಿಂತೆಯೇ ಅವರಿಗೆ ಸಾಕಷ್ಟಿತ್ತು. ಆದರೆ ಕೆದಿಲಾಯರು ಹೆಮ್ಮೆಪಡುತ್ತಿದ್ದ ಗಿರಾಕಿಗಳೇ ಬೇರೆ. ಉಡುಪಿ ಕಡೆಯಿಂದ ಕೋರ್ಟಿನ ಕೆಲಸಕ್ಕೋ ಮಗನ ಮನೆಗೋ ಬಂದ ಹಿರಿಯರು, ಹೊರಗೆ ಎಲ್ಲಿಯೂ ನೀರನ್ನು ಸಹ ಮುಟ್ಟದವರು, ‘ಕೆದಿಲಾಯನಲ್ಲಿ ಅಡ್ಡಿಯಿಲ್ಲ’ ಎಂದು ಇಲ್ಲಿಗೆ ಬಂದು ಉಣ್ಣುತ್ತಿದ್ದರು. ಅವರಿಗೆಂದೇ ಒಳಗೆ ಒಂದು ಕೋಣೆ, ಮಣೆ, ಬಾಳೆಲೆ. ಆ ಒಂದು ಮಾತಿನ ಮೇಲೆ ಹೋಟೆಲಿನ ಹೆಸರು ನಿಂತಿತ್ತು.

ಕೊರಗಪ್ಪ ಕಾಪುವಿನ ಕಡೆಯವನು. ಅಪ್ಪ ತೆಂಗಿನ ಮರ ಹತ್ತಿ ಕಳ್ಳಿಳಿಸುತ್ತಿದ್ದ. ಪಾನನಿಷೇಧ ಬಂದು ಆ ಕಸುಬು ನಿಂತುಹೋದಾಗ ಮಗ ಮುಂಬಯಿಯ ದಾರಿ ಹಿಡಿದ. ಕೆದಿಲಾಯರು ಅವನ ಹೆಸರು ಕೇಳುವ ಮೊದಲು ಅವನ ಹೆಗಲು ನೋಡಿದರು. ಹಿತ್ತಲಿನ ಮೂಲೆಯಲ್ಲಿ, ಅಡಿಗೆಮನೆಯ ಗೋಡೆಯ ಹೊರಗೆ, ಒರಳಿನ ಮುಂದೆ ಅವನನ್ನು ಕೂರಿಸಿದರು. ಅವನು ಅಲ್ಲಿಯೇ ಕೂತ. ಬೆಳಗಿನ ಇಡ್ಲಿಯ ಗದ್ದಲ ಮುಗಿದ ಮೇಲೆ ಶುರುವಾದ ಗುಂಡಿನ ಗರಗರ ಮಧ್ಯಾಹ್ನ ಇಳಿಯುವವರೆಗೆ ನಿಲ್ಲುತ್ತಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ: ಒಳಗೆ ಹೋಗಬೇಕು, ಎರಡೂ ಹಿಟ್ಟನ್ನು ತಾನೇ ಕಲಸಬೇಕು. ನಗುವವರು ನಗಬಹುದು. ಇದೇನು ಮಹಾ ಆಸೆ ಎನ್ನಬಹುದು. ಆದರೆ ಒಂದು ಕೆಲಸದ ಮುಕ್ಕಾಲು ಪಾಲನ್ನು ದಿನಾ ಬೆವರು ಸುರಿಸಿ ಮಾಡಿ, ಕಾಲು ಪಾಲು ಉಳಿದಾಗ ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುವವನ ಹೊಟ್ಟೆಯ ಉರಿ ಅದನ್ನು ಮಾಡಿದವನಿಗೇ ಗೊತ್ತು. ಉದ್ದು ಹೂವಿನಷ್ಟು ಹಗುರವಾಗಿದೆ, ಅಕ್ಕಿ ಇನ್ನೂ ತರಿಯಿದೆ, ಇವತ್ತು ಸ್ವಲ್ಪ ಜಾಸ್ತಿ ಹೊತ್ತು ಕಲಸಬೇಕು ಎಂಬುದು ಅವನ ಬೆರಳಿಗೆ ತಿಳಿದಿರುತ್ತಿತ್ತು. ಅಲ್ಲಿ ಭಟ್ಟರು ಯಾರೊಡನೆಯೋ ಮಾತಾಡುತ್ತ ನಾಲ್ಕು ಸುತ್ತು ತಿರುಗಿಸಿ ಕೈ ತೊಳೆದುಬಿಡುತ್ತಿದ್ದರು. ಕೊರಗಪ್ಪನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ.

ಫೋರ್ಟಿನ ಹೋಟೆಲುಗಳು ಆಫೀಸುಗಳ ಜೊತೆಗೇ ಬಾಗಿಲು ಹಾಕುತ್ತವೆ. ಹಾಗಾಗಿ ಅವನಿಗೆ ಸಂಜೆ ಬಿಡುವಿತ್ತು. ಹತ್ತಿರದಲ್ಲೇ ಕನ್ನಡಿಗರ ಒಂದು ರಾತ್ರಿಶಾಲೆ. ಹಗಲು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಮುಲ್ಕಿ ಕಡೆಯ ಸದಾನಂದ ಅಲ್ಲಿ ಸಂಬಳವಿಲ್ಲದೆ ಇಂಗ್ಲಿಷು ಕಲಿಸುತ್ತಿದ್ದರು. ಶಾಲೆಯ ಬೆಂಚುಗಳು ಕೆದಿಲಾಯರ ದಾನ, ಲೈಟಿನ ಬಿಲ್ಲು ಕೆದಿಲಾಯರ ಕೃಪೆ. ದಾನಿಗಳ ಹೆಸರು ಬರೆದ ಹಲಗೆಯಲ್ಲಿ ಅವರದೇ ಮೊದಲು.

ಒಂದು ಸಂಜೆ ಸದಾನಂದ ಮಾಸ್ಟ್ರು ಎರಡು ಶಬ್ದ ಹಲಗೆಯ ಮೇಲೆ ಬರೆದರು: ಜಾಯಿನ್, ಮಿಕ್ಸ್. ಎರಡಕ್ಕೂ ಕನ್ನಡದಲ್ಲಿ ಸೇರಿಸು ಎಂದೇ ಬರೆದುಕೊಂಡರೆ ಕೆಟ್ಟಿರಿ ಎಂದರು. ರೈಲಿನ ಡಬ್ಬಿಗೆ ಡಬ್ಬಿ ಸಿಕ್ಕಿಸಿದರೆ ಜಾಯಿನ್. ನಾಳೆ ಕಳಚಿದರೆ ಅದೂ ಇದೂ ಮೊದಲಿನ ಹಾಗೇ ಇರುತ್ತದೆ. ಮಿಕ್ಸ್ ಆದದ್ದು ಹಾಗಲ್ಲ. ಆಮೇಲೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಯಾರಾದರೂ ಒಂದು ಉದಾಹರಣೆ ಕೊಡಿ ಎಂದಾಗ ಆಫೀಸು ಜವಾನ ಪೂವಪ್ಪ ಹಾಲು ನೀರು ಎಂದ. ಕೊರಗಪ್ಪ ಎದ್ದು ನಿಂತು, ಅಕ್ಕಿ ಹಿಟ್ಟು ಉದ್ದಿನ ಹಿಟ್ಟು ಎಂದ. ಹೊಸ್ತಿಲಲ್ಲಿ ಎರಡು ಪಾತ್ರೆ ಇಟ್ಟಾಗ ಅಕ್ಕಿ ಅಕ್ಕಿಯೇ, ಉದ್ದು ಉದ್ದೇ. ಕಲಸಿದ ಮೇಲೆ ದೇವರು ಬಂದರೂ ಅವನ್ನು ಬೇರೆ ಮಾಡಲಾರ ಎಂದು ವಿವರಿಸಿದ. ಮಾಸ್ಟ್ರು ಬಹಳ ಸಂತೋಷಪಟ್ಟರು. ಶಬ್ದವನ್ನು ಬಾಯಿಪಾಠ ಮಾಡುವವರು ಬೇಕಾದಷ್ಟಿದ್ದಾರೆ, ಕೈಯಿಂದ ತಿಳಿದುಕೊಂಡವನು ಇವನೊಬ್ಬ ಎಂದು ಎಲ್ಲರ ಮುಂದೆ ಹೇಳಿದರು.

ಆ ವರ್ಷದ ಚಳಿಗಾಲದಲ್ಲಿ ಊರಿನಿಂದ ತಂತಿ ಬಂತು. ಭಟ್ಟರ ತಂದೆ ತೀರಿಕೊಂಡಿದ್ದರು. ಎರಡನೆಯ ಅಡಿಗೆಯವನು ಭಟ್ಟರ ಚಿಕ್ಕಪ್ಪನ ಮಗ, ಅವನಿಗೂ ಸೂತಕ. ಹೋಟೆಲಿನವರ ಪದ್ಧತಿಯೇ ಹಾಗೆ: ಒಬ್ಬನನ್ನು ತಂದರೆ ಅವನ ಹಿಂದೆ ಅವನ ಮನೆತನವೇ ಬಂದು ಅಡಿಗೆಮನೆ ತುಂಬಿಕೊಳ್ಳುತ್ತದೆ. ಊರಿನಲ್ಲಿ ಒಬ್ಬ ಮುದುಕ ಕಣ್ಣುಮುಚ್ಚಿದರೆ ಮುಂಬಯಿಯಲ್ಲಿ ಒಲೆ ಆರುತ್ತದೆ. ಇಬ್ಬರೂ ಗಂಟು ಕಟ್ಟಿಕೊಂಡು ಹೊರಟುಹೋದರು.

ಕೆದಿಲಾಯರು ಗಲ್ಲಾಪೆಟ್ಟಿಗೆ ಬಿಟ್ಟು, ಶಲ್ಯ ಸೊಂಟಕ್ಕೆ ಸುತ್ತಿಕೊಂಡು ತಾವೇ ಒಳಗೆ ನಿಂತರು. ಸಾಂಬಾರು ಹೇಗೋ ಆಯಿತು. ಕಾಫಿಯವನು ಕೈಜೋಡಿಸಿದ. ಆದರೆ ಹಿಟ್ಟು ಅವರ ಮಾತು ಕೇಳಲಿಲ್ಲ. ಜೀವಮಾನದ ಅರ್ಧ ನಾಣ್ಯ ಎಣಿಸಿದ ಕೈ, ಹಿಟ್ಟಿಗೆ ಇಳಿಯಲು ಅಸಹ್ಯಪಟ್ಟುಕೊಂಡು ಸೌಟು ಹಿಡಿಯಿತು. ಮೊದಲೇ ಚಳಿ. ಮರುದಿನ ಹಿಟ್ಟು ಇಟ್ಟಲ್ಲೇ ಇಟ್ಟ ಹಾಗಿತ್ತು. ಗುಮಾಸ್ತರು ಇಡ್ಲಿಯನ್ನು ಮೇಜಿಗೆ ತಟ್ಟಿ ಸದ್ದು ಮಾಡಿ ತೋರಿಸಿದರು. ಅದರ ಮರುದಿನ ಅರ್ಧದಷ್ಟು ಜನ ಪಕ್ಕದ ಗಲ್ಲಿಗೆ ಹೋದರು.

ಆ ಮಧ್ಯಾಹ್ನ ಕೆದಿಲಾಯರು ಹಿತ್ತಲಿಗೆ ಬಂದು ಒರಳಿನ ಪಕ್ಕ ನಿಂತರು. ಆಮೇಲೆ ಅತ್ತಿತ್ತ ನೋಡಿ, “ಕೊರಗಪ್ಪ, ಒಮ್ಮೆ ಒಳಗೆ ಬಾ. ಹಿಂದಿನ ಬಾಗಿಲು ಹಾಕಿಕೊಂಡು ಬಾ,” ಎಂದರು.

ಅವನು ಕೈಕಾಲು ತೊಳೆದ. ಮತ್ತೊಮ್ಮೆ ತೊಳೆದ. ಹೊಸ್ತಿಲು ದಾಟುವಾಗ ಬಲಗಾಲೋ ಎಡಗಾಲೋ ಎಂದು ಯೋಚಿಸಿ ಎಡವಿದ. ಕೊಪ್ಪರಿಗೆಗೆ ಎರಡೂ ಹಿಟ್ಟು ಸುರಿದು, ಉಪ್ಪು ಹಾಕಿ, ಕೈ ಇಳಿಸಿದ. ಉದ್ದಿನ ನುಣುಪಿನಲ್ಲಿ ಅಕ್ಕಿಯ ತರಿ ಬೆರೆಯುತ್ತ ಹೋದುದು, ಮೊದಲು ತಣ್ಣಗಿದ್ದ ಹಿಟ್ಟು ಅವನ ಕೈಯ ಬಿಸಿ ಕುಡಿದು ಸಡಿಲವಾದುದು, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದದ್ದು, ಎಲ್ಲವನ್ನೂ ಅವನು ಕಣ್ಣುಮುಚ್ಚಿಕೊಂಡೇ ತಿಳಿದ. ಕೆದಿಲಾಯರು ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟುಕೊಂಡು ಮುಖ ಆ ಕಡೆ ತಿರುಗಿಸಿ ನಿಂತಿದ್ದರು. ಕೊರಗಪ್ಪ ಅಂದು ಸುಖವಾಗಿದ್ದ. ಮದುವೆಯ ದಿನ ಸಹ ಅಷ್ಟು ಸುಖವಾಗಿರಲಿಲ್ಲ ಎಂದು ಆಮೇಲೆ ಹೆಂಡತಿಗೇ ಹೇಳಿ ಬೈಸಿಕೊಂಡ.

ಬೆಳಗಾಗುವಾಗ ಹಿಟ್ಟು ಕೊಪ್ಪರಿಗೆಯ ಮುಚ್ಚಳ ಎತ್ತಿತ್ತು. ಇಡ್ಲಿ ತಿಂದ ಗುಮಾಸ್ತರು, ಊರಿನಿಂದ ಹೊಸ ಭಟ್ಟರು ಬಂದರೋ ಎಂದು ಕೇಳಿದರು. ಕೆದಿಲಾಯರು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಒಳಗಿನ ಕೋಣೆಯಲ್ಲಿ ಮಣೆಯ ಮೇಲೆ ಕೂತ ಹಿರಿಯರೊಬ್ಬರು ಎರಡನೆಯ ಸಲ ಇಡ್ಲಿ ಹಾಕಿಸಿಕೊಂಡರು. ಶುದ್ಧದ ರುಚಿಯೇ ಬೇರೆ ಎಂದು ಹೊಗಳಿದರು.

ಭಟ್ಟರು ಬರುವವರೆಗೆ ಪ್ರತಿ ಮಧ್ಯಾಹ್ನ ಹಿಂದಿನ ಬಾಗಿಲು ಮುಚ್ಚಿತು. ಅವರು ತಲೆ ಬೋಳಿಸಿಕೊಂಡು ವಾಪಸು ಬಂದ ದಿನ ತೆರೆಯಿತು, ಕೊರಗಪ್ಪ ಹೊರಗಾದ. ಆದರೆ ಕೆದಿಲಾಯರು ಕೃತಘ್ನರೆಂದು ಹೇಳಲಾಗದು. ಅವನನ್ನು ಕರೆದು ಒಂದು ಮಾತು ಕೊಟ್ಟರು. “ವಿಲೆ ಪಾರ್ಲೆಯಲ್ಲಿ ಇನ್ನೊಂದು ಹೋಟೆಲು ಹಾಕ್ತೇನೆ ಮಾರಾಯ. ಅಲ್ಲಿ ನೀನು ಒಳಗೆ. ಅಲ್ಲಿ ಯಾರು ನಿನ್ನ ಕುಲಗೋತ್ರ ಕೇಳಲಿಕ್ಕೆ ಬರ್ತಾರೆ? ಆದರೆ ಇಲ್ಲಿಯದ್ದು ಇಲ್ಲಿಗೇ. ಬಾಯಿ ಬಿಡಬೇಡ.”

ಅವನು ಬಾಯಿ ಬಿಡಲಿಲ್ಲ. ಒಬ್ಬ ಸದಾನಂದ ಮಾಸ್ಟ್ರಿಗೆ ಮಾತ್ರ ಹೇಳಿದ. ಗುರುವಿಗೆ ಹೇಳಿದರೆ ಹೊರಗೆ ಹೇಳಿದಂತಲ್ಲ ಎಂದುಕೊಂಡ. ಮಾಸ್ಟ್ರು ಅವನ ಬೆನ್ನು ತಟ್ಟಿದರು. ಇನ್ನು ಊರಿನಲ್ಲಿ ಅತ್ತೆಮನೆಗೂ ತವರಿಗೂ ಓಡಾಡಿಕೊಂಡಿದ್ದ ಹೆಂಡತಿ ವಸಂತಿಗೆ, ಪಾರ್ಲೆಯಲ್ಲಿ ತಾನು ಅಡಿಗೆಯವನಾಗುವೆನೆಂದು ಹೇಳಿಕಳುಹಿಸಿದ. ಪಾರ್ಲೆ ಸ್ಟೇಶನ್ನಿನ ಆಚೆ ಒಂದು ಚಾಳಿನಲ್ಲಿ ಕೋಣೆ ಹಿಡಿದು ಅವಳನ್ನು ಕರೆಸಿಕೊಂಡ. ವಸಂತಿ ಹೊರಡುವ ಮೊದಲು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ರಾತ್ರಿಶಾಲೆಯ ವಾರ್ಷಿಕೋತ್ಸವ ಬಂತು. ಭಾನುವಾರ ಮಧ್ಯಾಹ್ನ, ಫೋರ್ಟಿನ ಬೀದಿಗಳೆಲ್ಲ ಖಾಲಿ. ಸಭೆಗೆ ಕೆದಿಲಾಯರದೇ ಅಧ್ಯಕ್ಷತೆ, ಅವರದೇ ಉಪ್ಪಿಟ್ಟು ಕಾಫಿ. ಮುಂದಿನ ಸಾಲಿನಲ್ಲಿ ಶಲ್ಯ ಹೊದ್ದ ಹಿರಿಯರು ಕೂತಿದ್ದರು, ಒಳಕೋಣೆಯ ಮಣೆಯವರು. ಮುಖ್ಯ ಅತಿಥಿ ಧಾರವಾಡದ ನಿವೃತ್ತ ಹೆಡ್ಮಾಸ್ತರು ಬಸವಂತಪ್ಪನವರು. ಪರೇಲಿನಲ್ಲಿ ಮಗನ ಮನೆಗೆ ಬಂದಿದ್ದವರನ್ನು ಸದಾನಂದ ಮಾಸ್ಟ್ರು ಹಿಡಿದು ತಂದಿದ್ದರು. ಒಳ್ಳೆಯ ಮನುಷ್ಯ. ಜಗತ್ತಿನಲ್ಲಿ ಕೆಲವು ಅನಾಹುತಗಳಿಗೆ ಒಳ್ಳೆಯ ಮನುಷ್ಯರೇ ಬೇಕಾಗುತ್ತಾರೆ.

ಕಾರ್ಯಕ್ರಮ ಸರಳವಾಗಿತ್ತು. ಅತಿಥಿಗಳು ಒಂದೊಂದು ಇಂಗ್ಲಿಷ್ ಶಬ್ದ ಹೇಳುವುದು, ವಿದ್ಯಾರ್ಥಿ ಎದ್ದು ಅದನ್ನು ಬಳಸಿ ಮಾತಾಡಿ ತೋರಿಸುವುದು. ಸದಾನಂದ ಮಾಸ್ಟ್ರು ಮೊದಲೇ ಎಲ್ಲರಿಗೂ ಒಂದೊಂದು ವಾಕ್ಯ ಕಲಿಸಿಟ್ಟಿದ್ದರು. ಕೊರಗಪ್ಪನ ಪಾಲಿಗೆ ಬಂದದ್ದು ಮಿಕ್ಸ್. ಚಹಾಕ್ಕೆ ಸಕ್ಕರೆ ಬೆರೆಸುತ್ತೇವೆ ಎಂದು ಹೇಳಿ ಕೂತರೆ ಮುಗಿಯಿತು. ಯಾರಿಗೂ ತೊಂದರೆಯಿಲ್ಲದ ವಾಕ್ಯ.

ಅವನ ಸರದಿ ಬಂತು. ಚಹಾ ಸಕ್ಕರೆ ಹೇಳಿದ. ಬಸವಂತಪ್ಪನವರು ಕೈಯೆತ್ತಿ ತಡೆದರು. “ಕಲಿಸಿಕೊಟ್ಟ ಮಾತು ಬ್ಯಾಡಪ್ಪ. ನೀ ದಿನಾ ಏನ್ ಕೆಲಸ ಮಾಡ್ತಿ, ಅದರಾಗಿಂದ ಒಂದು ಹೇಳು ನೋಡೋಣ.”

ಕೊರಗಪ್ಪ ಮುಂದಿನ ಸಾಲಿನತ್ತ ನೋಡಿದ. ಹಿರಿಯರು ಎಲೆಯಡಿಕೆ ಜಗಿಯುತ್ತ ಕೂತಿದ್ದರು. ಒಬ್ಬರಿಗೂ ಇಂಗ್ಲಿಷು ಬಾರದೆಂದು ಅವನಿಗೆ ಗೊತ್ತಿತ್ತು. ಕೆದಿಲಾಯರಿಗೆ ಬರುತ್ತಿದ್ದದ್ದೂ ಥ್ಯಾಂಕ್ಯೂ ಮತ್ತು ನೋ ಕ್ರೆಡಿಟ್, ಅಷ್ಟೇ. ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಅವನು ಸತ್ತರೂ ಆ ಮಾತು ಆಡುತ್ತಿರಲಿಲ್ಲ. ಆದರೆ ಇಂಗ್ಲಿಷು ಯಾರ ಮನೆಯ ಭಾಷೆಯೂ ಅಲ್ಲ, ಅದರಲ್ಲಿ ಮಡಿಯಿಲ್ಲ, ಮೈಲಿಗೆಯಿಲ್ಲ, ಬಿಲ್ಲವನಿಲ್ಲ, ಭಟ್ಟನಿಲ್ಲ. ಅದರಲ್ಲಿ ಹೇಳಿದ್ದು ಹೇಳಿದಂತೆಯೇ ಅಲ್ಲ ಎಂದು ಅವನಿಗನಿಸಿತು. ಒಮ್ಮೆಯಾದರೂ ಗಾಳಿಗೆ ಹೇಳಿಬಿಡಬೇಕು ಎಂದು ಎಷ್ಟು ದಿನದಿಂದಲೋ ಎದೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬಂತು.

“ಐ ಗ್ರೈಂಡ್ ರೈಸ್,” ಎಂದ ನಿಧಾನವಾಗಿ. “ಐ ಗ್ರೈಂಡ್ ಉದ್ದು. ಐ ಮಿಕ್ಸ್ ದೆಮ್ ವಿತ್ ಸಾಲ್ಟ್. ವಿತ್ ಮೈ ಹ್ಯಾಂಡ್.”

ಒಂದು ತಪ್ಪಿಲ್ಲ. ಸದಾನಂದ ಮಾಸ್ಟ್ರ ಮುಖ ಬಿಳುಚಿಕೊಂಡಿತು. ಅದನ್ನು ಕಂಡು ಕೊರಗಪ್ಪ ಕೂತುಬಿಡಬೇಕೆಂದಿದ್ದ. ಅಷ್ಟರಲ್ಲಿ ಬಸವಂತಪ್ಪನವರು ಸಂತೋಷ ತಡೆಯಲಾರದೆ ಎದ್ದು ನಿಂತು, ಇಂಗ್ಲಿಷು ಬಾರದ ಹಿರಿಯರಿಗೆ ಮೋಸವಾಗಬಾರದೆಂದು, ಹೆಡ್ಮಾಸ್ತರ ಗಟ್ಟಿ ಗಂಟಲಿನಲ್ಲಿ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. “ಕೇಳಿದ್ರೇನ್ರಿ? ಅಕ್ಕಿ ಬ್ಯಾರೆ ರುಬ್ಬತೇನಿ, ಉದ್ದು ಬ್ಯಾರೆ ರುಬ್ಬತೇನಿ, ಆಮ್ಯಾಲೆ ಉಪ್ಪು ಹಾಕಿ ನನ್ನ ಕೈಲೇ ಎರಡೂ ಕೂಡಿಸಿ ಕಲಸತೇನಿ ಅಂತಾನ. ಎಷ್ಟು ಚೊಲೋ ಹೇಳಿದಾ ನೋಡ್ರಿ.”

ಚಪ್ಪಾಳೆ ಹಿಂದಿನ ಸಾಲುಗಳಿಂದ ಬಂತು. ಮುಂದಿನ ಸಾಲಿನಲ್ಲಿ ಜಗಿಯುವ ಬಾಯಿಗಳು ನಿಂತವು. ಎರಡನೆಯ ಸಲ ಇಡ್ಲಿ ಹಾಕಿಸಿಕೊಂಡಿದ್ದ ಹಿರಿಯರು ಶಲ್ಯ ಎಳೆದುಕೊಂಡು ಕೆದಿಲಾಯರ ಕಡೆ ತಿರುಗಿ, ಇವನು ನಿನ್ನ ಹೋಟೆಲಿನವನಲ್ಲವೋ ಎಂದು ಮೆಲ್ಲಗೆ ಕೇಳಿದರು.

ಕೆದಿಲಾಯರು ನಕ್ಕರು. ಆ ನಗುವನ್ನು ಕಟ್ಟಿ ತರಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಕೊರಗಪ್ಪನೊಬ್ಬನಿಗೇ ಕಂಡಿತು. ಎದ್ದು ನಿಂತು ಸಭೆಗೆಲ್ಲ ಕೇಳುವಂತೆ ಹೇಳಿದರು. “ಪಾಪ, ಅವನಿಗೆ ಆ ಶಬ್ದದ ಅರ್ಥವೇ ಗೊತ್ತಿಲ್ಲ. ರುಬ್ಬುವುದಕ್ಕೂ ಕಲಸುವುದಕ್ಕೂ ಒಂದೇ ಶಬ್ದ ಅಂತ ತಿಳಿದುಕೊಂಡಿದ್ದಾನೆ. ಬೇಕಾದರೆ ಮಾಸ್ಟ್ರನ್ನೇ ಕೇಳಿ.”

ಎಲ್ಲರೂ ಸದಾನಂದ ಮಾಸ್ಟ್ರ ಕಡೆ ನೋಡಿದರು. ಕೊರಗಪ್ಪನೂ ನೋಡಿದ. ದೇವರು ಬಂದರೂ ಬೇರೆ ಮಾಡಲಾರ ಎಂದು ತಾನು ಹೇಳಿದ್ದನ್ನು ಮೆಚ್ಚಿದವರು ಇವರೇ. ಬಾಗಿಲು ಮುಚ್ಚಿದ ಮಧ್ಯಾಹ್ನಗಳ ಕಥೆ ಕೇಳಿ ಬೆನ್ನು ತಟ್ಟಿದವರೂ ಇವರೇ. ಮಾಸ್ಟ್ರು ದಾನಿಗಳ ಹಲಗೆಯನ್ನು ನೋಡಿದರು, ಬೆಂಚುಗಳನ್ನು ನೋಡಿದರು, ತಲೆಯ ಮೇಲಿನ ಲೈಟನ್ನೂ ನೋಡಿದರು. ಅವನ ಮುಖ ಮಾತ್ರ ನೋಡಲಿಲ್ಲ.

“ಹೌದು,” ಎಂದರು. “ಮಿಕ್ಸ್ ಅಂದರೆ ಬೇರೆ. ಕೊರಗಪ್ಪ ಇನ್ನೂ ಕಲಿಯಬೇಕು.”

ಇನ್ನು ಉಳಿದದ್ದು ಅವನು. ಹೌದು, ನಾನೇ ಕಲಸಿದ್ದು, ನೀವೆಲ್ಲ ತಿಂದದ್ದು ಅದನ್ನೇ ಎಂದು ಹೇಳಿದ್ದರೆ ಹೋಟೆಲಿನ ಹೆಸರು ಅಲ್ಲೇ ಮಣ್ಣಾಗುತ್ತಿತ್ತು. ಜೊತೆಗೆ ಪಾರ್ಲೆಯೂ ಹೋಗುತ್ತಿತ್ತು. ಅವನು ಪಾರ್ಲೆಯ ಕೊಪ್ಪರಿಗೆಯನ್ನು ನೆನೆಸಿಕೊಂಡ. ಊರಿಗೆಲ್ಲ ಹೇಳಿಕೊಂಡು ಬಂದು ಚಾಳಿನ ಕೋಣೆಯಲ್ಲಿ ಕೂತಿರುವ ವಸಂತಿಯನ್ನು ನೆನೆಸಿಕೊಂಡ. ಒಂದು ಸುಳ್ಳು ಹೇಳಿದರೆ ಜೀವಮಾನವೆಲ್ಲ ಒಳಗಿರಬಹುದು ಎಂದು ಲೆಕ್ಕ ಹಾಕಿದ. ಅವನು ಮಾಡಿದ ತಪ್ಪು ಇದು, ಆ ಇಂಗ್ಲಿಷ್ ಮಾತಲ್ಲ.

“ತಪ್ಪಾಯ್ತು,” ಎಂದ. “ಮಿಕ್ಸ್ ಮಾಡುವುದು ಭಟ್ರು. ನಾನು ಗ್ರೈಂಡ್.”

ಸಭೆ ನಕ್ಕಿತು. ಕೆಟ್ಟ ನಗುವಲ್ಲ, ದಡ್ಡನನ್ನು ಕ್ಷಮಿಸುವ ನಗು. ಹಿರಿಯರ ಬಾಯಿಗಳು ಮತ್ತೆ ಜಗಿಯತೊಡಗಿದವು. ಬಸವಂತಪ್ಪನವರು ಅವನ ತಲೆ ಸವರಿ, ಶಬ್ದದ ಅರ್ಥ ತಿಳಿದುಕೊಂಡು ಮಾತಾಡಬೇಕಪ್ಪ ಎಂದು ಬುದ್ಧಿ ಹೇಳಿದರು. ಬಹುಮಾನದ ಲೋಟ ಪೂವಪ್ಪನಿಗೆ ಹೋಯಿತು. ಉಪ್ಪಿಟ್ಟು ಬಡಿಸುವಾಗ ಕೊರಗಪ್ಪ ಎಲೆ ತೆಗೆದುಕೊಳ್ಳದೆ ಮೆಟ್ಟಿಲಿಳಿದ. ಆಮೇಲೆ ಅವನು ಆ ಶಾಲೆಗೆ ಹೋಗಲಿಲ್ಲ. ಸದಾನಂದ ಮಾಸ್ಟ್ರು ಎರಡು ಸಲ ಹೋಟೆಲಿಗೆ ಬಂದು, ಹಿತ್ತಲಿಗೆ ಬರುವ ಧೈರ್ಯವಿಲ್ಲದೆ, ಕಾಫಿ ಕುಡಿದು ಹಿಂದಿರುಗಿದರು.

ಆ ಬೇಸಿಗೆಯಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂತೆಂದು ಪತ್ರಿಕೆಯಲ್ಲಿ ಬಂದಾಗ ಕೆದಿಲಾಯರು ಅದನ್ನು ಗಲ್ಲಾದ ಬಳಿ ಕೂತು ಗಟ್ಟಿಯಾಗಿ ಓದಿದರು. ಒಳ್ಳೆಯ ಕಾನೂನು, ಎಂದೋ ಬರಬೇಕಾಗಿತ್ತು ಎಂದು ಗಿರಾಕಿಗಳಿಗೆ ಹೇಳಿದರು. ಹಿತ್ತಲಿನಲ್ಲಿ ಗುಂಡಿನ ಸದ್ದಿಗೆ ಕೊರಗಪ್ಪನಿಗೆ ಅದು ಪೂರ್ತಿ ಕೇಳಿಸಲಿಲ್ಲ.

ದಸರೆಗೆ ಪಾರ್ಲೆಯ ಹೋಟೆಲು ತೆರೆಯಿತು. ಕೆದಿಲಾಯರು ಮಾತು ತಪ್ಪುವವರಲ್ಲ. ಕೊರಗಪ್ಪನನ್ನು ಪಾರ್ಲೆಗೆ ಕಳುಹಿಸಿಯೇ ಕಳುಹಿಸಿದರು. ಲಾರಿಯಲ್ಲಿ, ಒರಳುಕಲ್ಲಿನ ಪಕ್ಕದಲ್ಲಿ. ಅಲ್ಲಿಯೂ ಒಂದು ಹಿತ್ತಲಿತ್ತು, ಗೋಡೆಯಿತ್ತು, ಹೊಸ್ತಿಲಿತ್ತು. ಒಳಗೆ ಉಡುಪಿಯಿಂದ ಹೊಸದಾಗಿ ಬಂದ ಎಳೆಯ ಭಟ್ಟನೊಬ್ಬ ನಿಂತಿದ್ದ. ಈ ಬಗ್ಗೆ ಕೆದಿಲಾಯರು ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಸಭೆಯಲ್ಲಿ ಹಿರಿಯರು ಕೇಳಿದ ಆ ಒಂದು ಪ್ರಶ್ನೆ ಕೆದಿಲಾಯರ ಕಿವಿಯಿಂದ ಹೋಗಿರಲಿಲ್ಲ, ಅಷ್ಟೇ. ಮೊದಲ ದಿನ ಮನೆಗೆ ಬಂದಾಗ ವಸಂತಿ ಅವನ ಕೈ ಮೂಸಿ ನೋಡಿದಳು. ಒಳಗೆ ಹೋದಿರಾ ಎಂದು ಕೇಳಿದಳು. ಕಲ್ಲು ಇಳಿಸುವುದರಲ್ಲಿ ಹೊತ್ತಾಯಿತು ಎಂದ. ಎರಡನೆಯ ದಿನವೂ ಏನೋ ಒಂದು ಹೇಳಿದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಊರಿಗೆ ಹೋಗುವವರ ಕೈಯಲ್ಲಿ ಮಾತು ಕಳುಹಿಸುವುದನ್ನೂ ಬಿಟ್ಟಳು.

ಮುಂದಿನ ಮಳೆಗಾಲದಲ್ಲಿ ಎಳೆಯ ಭಟ್ಟ ಮಾಟುಂಗಾದ ಯಾವುದೋ ಹೋಟೆಲಿಗೆ ಹೇಳದೆ ಕೇಳದೆ ಹಾರಿದ. ಸುದ್ದಿ ತಿಳಿದು ಕೆದಿಲಾಯರು ಮಧ್ಯಾಹ್ನದ ಲೋಕಲ್ ಹಿಡಿದು, ಪಂಚೆಯೆಲ್ಲ ಒದ್ದೆ ಮಾಡಿಕೊಂಡು ಬಂದರು. ಅಷ್ಟರಲ್ಲಿ ಕೊರಗಪ್ಪ ಎರಡೂ ಹಿಟ್ಟು ರುಬ್ಬಿ ಹೊಸ್ತಿಲಲ್ಲಿ ಇಟ್ಟಾಗಿತ್ತು. ಅವರು ಒಳಗೆ ನಿಂತು ಕೊಪ್ಪರಿಗೆ ನೋಡಿದರು, ಪಾತ್ರೆಗಳನ್ನು ನೋಡಿದರು, ಕೊನೆಗೆ ಅವನನ್ನು ನೋಡಿದರು. ಮುಖದಲ್ಲಿ ಆ ಹಳೆಯ ಮಧ್ಯಾಹ್ನದ್ದೇ ದೈನ್ಯ.

“ಕೊರಗಪ್ಪ, ಹಿಂದಿನ ಬಾಗಿಲು ಹಾಕಿಕೊಂಡು ಬಾ,” ಎಂದರು. “ಇವತ್ತು ನೀನೇ ಮಿಕ್ಸ್ ಮಾಡು.”

ಹೊಸ್ತಿಲಿನ ಈ ಕಡೆ ಅವನು ಕೈಕಟ್ಟಿ ನಿಂತಿದ್ದ. ಕೈ ಕಟ್ಟಿದ್ದು ವಿನಯಕ್ಕಲ್ಲ. ಬಿಟ್ಟರೆ ಅವು ಎಲ್ಲಿ ತಾವಾಗಿಯೇ ಹೊರಟುಹೋಗುತ್ತವೋ ಎಂಬ ಭಯಕ್ಕೆ. ಹಿಟ್ಟು ಅಂದು ಬಹಳ ಚೆನ್ನಾಗಿ ಬಂದಿತ್ತು.

“ಧನಿಗಳೇ, ನನಗೆ ಆ ಶಬ್ದದ ಅರ್ಥ ಗೊತ್ತಿಲ್ಲ,” ಎಂದ. “ನೀವೇ ಹೇಳಿದ್ದಲ್ವಾ, ಎಲ್ಲರ ಮುಂದೆ.”

ಕೆದಿಲಾಯರು ಕೊಬ್ಬು ಎಂದೇನೋ ಗೊಣಗಿದರು. ಆಮೇಲೆ ಶಲ್ಯ ಸುತ್ತಿಕೊಂಡು, ಹಿಟ್ಟು ಸುರಿದು, ಸೌಟು ಹಿಡಿದು ತಾವೇ ತಿರುಗಿಸಿದರು. ಸಿಟ್ಟಿನಲ್ಲಿ ಉಪ್ಪು ಮರೆತರು. ಕೊರಗಪ್ಪ ಅದನ್ನು ಕಂಡ. ಉಪ್ಪು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಒರಳು ತೊಳೆಯಲು ಹೋದ. ಗೆದ್ದೆನೆಂದು ಅವನಿಗೆ ಅನಿಸಲಿಲ್ಲ. ತಾನು ರುಬ್ಬಿದ ಹಿಟ್ಟು ಕಣ್ಣೆದುರಿಗೇ ಹಾಳಾಗುವುದನ್ನು ಸುಮ್ಮನೆ ನೋಡಿದವನು ತಾನು ಎಂದು ನಾಚಿಕೆಯೂ ಆಯಿತು.

ಮರುದಿನ ಪಾರ್ಲೆಯ ಗಿರಾಕಿಗಳು ಒಂದು ತುಂಡು ಮುರಿದು ತಟ್ಟೆ ದೂಡಿದರು. ಕೆದಿಲಾಯರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅಂಥ ತೋಳು ಬೇರೆಲ್ಲಿ ಸಿಗಬೇಕು? ಉಡುಪಿಗೆ ತಂತಿ ಹೋಯಿತು, ಇನ್ನೊಬ್ಬ ಭಟ್ಟ ಬರುವವನಿದ್ದ. ಮಿಕ್ಕ ಇಡ್ಲಿಗಳನ್ನು ಕೆಲಸದವರಿಗೆ ಹಂಚಿದರು. ಕೊರಗಪ್ಪ ತನ್ನ ಪಾಲನ್ನು ಎಲೆಯಲ್ಲಿ ಕಟ್ಟಿಕೊಂಡು ಮಳೆಯಲ್ಲಿ ಮನೆಗೆ ಬಂದ.

ವಸಂತಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇದಕ್ಕೆ ಉಪ್ಪೇ ಇಲ್ಲವಲ್ಲ ಎಂದಳು. ಅವನು ಮರಿಗೆಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಇಡ್ಲಿಯ ಮೇಲೆ ಉದುರಿಸಿದ. ಬೆರಳಿನಿಂದ ಒತ್ತಿ ನೋಡಿದ. ಉಪ್ಪು ಮೇಲೆಯೇ ಉಳಿಯಿತು. ಕಚ್ಚಿದರೆ ಮೊದಲು ಉಪ್ಪು, ಆಮೇಲೆ ಸಪ್ಪೆ.

“ಈಗ ಸರಿಯಾಯ್ತಾ?” ಎಂದಳು ವಸಂತಿ.

“ಇಲ್ಲ. ಇದಕ್ಕೆ ಮಿಕ್ಸ್ ಅನ್ನುವುದಿಲ್ಲ.”

“ಹಾಗೆಂದರೆ ಎಂಥದು?”

ಕೊರಗಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಒರಳಿನ ಗುಂಡು ಹಿಡಿದು ಹಿಡಿದು ಅಂಗೈ ಕಲ್ಲಾಗಿತ್ತು.

“ನನಗೆ ಗೊತ್ತುಂಟು,” ಎಂದ. ಉಳಿದ ಇಡ್ಲಿಯನ್ನು ನೀರು ಕುಡಿದುಕೊಂಡು ನುಂಗಿದ.